ದಕ್ಷಿಣ ಬೆಂಗಳೂರಿನಲ್ಲಿ ಹಿರಿಯರ ಆರೈಕೆ: ಮನೆಯೋ, ವೃದ್ಧಾಶ್ರಮವೋ, ಕೇರ್ ಹೋಮೋ?

"ಅಮ್ಮನಿಗೆ ಎಂಬತ್ತು ದಾಟಿತು, ಒಬ್ಬರನ್ನೇ ಬಿಡೋಕೆ ಭಯ. ಜಯನಗರ, ಜೆ.ಪಿ. ನಗರದ ಕಡೆ ಒಳ್ಳೆಯ ಜಾಗ ಯಾವುದಿದೆ ಹೇಳಿ." ಈ ಪ್ರಶ್ನೆ ಪದೇ ಪದೇ ಬರುತ್ತದೆ. ಕೇಳುವವರಲ್ಲಿ ಕೆಲವರು ಅಮೆರಿಕದಲ್ಲೋ ದುಬೈನಲ್ಲೋ ಇದ್ದಾರೆ. ಉಳಿದವರು ವೈಟ್‌ಫೀಲ್ಡ್‌ನಲ್ಲಿದ್ದಾರೆ, ಸಂಜೆ ಆರರ ಮೇಲೆ ಅದೂ ದುಬೈನಷ್ಟೇ ದೂರ.

ಒಂದು ಹೆಸರು ಹೇಳಿ ಕೈ ತೊಳೆದುಕೊಳ್ಳಬಹುದು. ಆದರೆ ಓಡಾಡಿಕೊಂಡಿರುವ ಎಪ್ಪತ್ತೆರಡರ ನಿವೃತ್ತ ಮೇಷ್ಟ್ರಿಗೆ ಹೇಳಿ ಮಾಡಿಸಿದಂತಿರುವ ಜಾಗ, ಪಾರ್ಶ್ವವಾಯು ಆಗಿ ಮಲಗಿರುವ ಅಜ್ಜಿಗೆ ಆಗಿಬರುವುದಿಲ್ಲ. ಹಾಗಾಗಿ ಇಲ್ಲಿ ಒಂದು, ಎರಡು, ಮೂರು ಅಂತ ನಂಬರ್ ಕೊಟ್ಟಿಲ್ಲ. ಯಾವುದನ್ನು ನೋಡಿ ಅಳೆಯಬೇಕು ಅನ್ನುವುದು ಮೊದಲು, ಆಮೇಲೆ ಒಂದೊಂದು ದಾರಿ.

ಮೊದಲು ಮನೆಯಲ್ಲೇ ಮಾಡುವ ಕೆಲಸ

ಒಂದು ಹಾಳೆಯಲ್ಲಿ ಆರು ಕೆಲಸ ಬರೆಯಿರಿ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಟಾಯ್ಲೆಟ್‌ಗೆ ಹೋಗಿ ಬರುವುದು, ಮಂಚದಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ. ಡಾಕ್ಟರುಗಳು ಹಿರಿಯರ ಸ್ಥಿತಿ ಅಳೆಯುವುದೂ ಇವೇ ಆರರಲ್ಲಿ. ಪ್ರತಿಯೊಂದರ ಮುಂದೆ, ತಾವೇ ಮಾಡಿಕೊಳ್ಳುತ್ತಾರಾ, ಪಕ್ಕದಲ್ಲಿ ಯಾರಾದರೂ ನಿಂತರೆ ಸಾಕಾ, ಬೇರೆಯವರೇ ಮಾಡಿಸಬೇಕಾ ಅಂತ ಬರೆಯಿರಿ. ಹಗಲಿಗೊಂದು ಕಾಲಂ, ರಾತ್ರಿಗೊಂದು ಕಾಲಂ.

ಈ ಹಾಳೆಯಲ್ಲಿ ಸುಳ್ಳು ಬರೆಯುವ ಮನೆಗಳೇ ಜಾಸ್ತಿ. "ಅಪ್ಪ ಆರಾಮಾಗಿದ್ದಾರೆ, ಸ್ವಲ್ಪ ಕೈ ಹಿಡಿದರೆ ಸಾಕು" ಅನ್ನುತ್ತಾರೆ. ಆ ಅಪ್ಪ ರಾತ್ರಿ ನಾಲ್ಕು ಸಲ ಏಳುತ್ತಾರೆ, ಎರಡು ಸಲ ಪಂಚೆ ಒದ್ದೆ ಮಾಡಿಕೊಳ್ಳುತ್ತಾರೆ. ಮರ್ಯಾದೆಗೆ ಅಂಜಿ ಇದನ್ನು ಮುಚ್ಚಿಟ್ಟು ಸೇರಿಸಿದರೆ, ಹದಿನೈದು ದಿನದಲ್ಲಿ "ಇವರನ್ನು ನೋಡಿಕೊಳ್ಳೋಕೆ ನಮ್ಮಲ್ಲಿ ಆಗಲ್ಲ" ಅಂತ ಫೋನ್ ಬರುತ್ತದೆ.

ರಾತ್ರಿ ಎರಡು ಗಂಟೆಗೆ ಯಾರಿದ್ದಾರೆ?

ಬೆಳಗ್ಗೆ ಹನ್ನೊಂದಕ್ಕೆ ಹೋಗಿ ನೋಡಿದರೆ ಎಲ್ಲ ಜಾಗವೂ ಚೆನ್ನಾಗಿಯೇ ಕಾಣುತ್ತದೆ. ನೆಲ ಒರೆಸಿರುತ್ತದೆ, ಅಜ್ಜಿಯರು ತಲೆ ಬಾಚಿಕೊಂಡು ಕೂತಿರುತ್ತಾರೆ, ಮ್ಯಾನೇಜರ್ ಕಾಫಿ ಕೊಡುತ್ತಾರೆ. ನನ್ನ ಮಟ್ಟಿಗೆ ಒಂದು ಜಾಗದ ಗುಣ ತಿಳಿಯುವುದು ರಾತ್ರಿ. ಕತ್ತಲಲ್ಲಿ ಟಾಯ್ಲೆಟ್‌ಗೆ ಎದ್ದು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡವರ ಕಥೆ ಯಾವ ಮನೆಯಲ್ಲಿಲ್ಲ ಹೇಳಿ? ಮರೆವಿನ ಕಾಯಿಲೆ ಇರುವವರಿಗೆ ಗಾಬರಿ, ಓಡಾಟ ಶುರುವಾಗುವುದೂ ಸಂಜೆ ಕತ್ತಲಾದ ಮೇಲೆಯೇ ಜಾಸ್ತಿ.

ಹಾಗಾಗಿ ಎಲ್ಲಿಗೆ ಹೋದರೂ ಇದನ್ನು ಕೇಳಿ: ರಾತ್ರಿ ಪಾಳಿಯಲ್ಲಿ ಎಷ್ಟು ಜನ, ಎಷ್ಟು ಹಿರಿಯರಿಗೆ? ಎದ್ದಿರುತ್ತಾರೋ, ಹಾಲ್‌ನಲ್ಲಿ ಮಲಗಿರುತ್ತಾರೋ? ನರ್ಸ್ ಒಳಗೇ ಇರುತ್ತಾರೋ, ಫೋನ್ ಮಾಡಿದರೆ ಬರುತ್ತಾರೋ? ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಜೊತೆಗೆ ಯಾರು ಹೋಗುತ್ತಾರೆ, ಅಡ್ವಾನ್ಸ್ ಯಾರು ಕಟ್ಟುತ್ತಾರೆ? ಬಾಯಿ ಮಾತು ಸಾಲದು, ಡ್ಯೂಟಿ ಚಾರ್ಟ್ ತೋರಿಸಿ ಅನ್ನಿ. ಆಮೇಲೆ ಒಮ್ಮೆ ರಾತ್ರಿ ಎಂಟೂವರೆಗೆ ಹೇಳದೆ ಹೋಗಿ ಬಾಗಿಲು ತಟ್ಟಿ. ಒಳಗೆ ಬಿಡದಿದ್ದರೂ, ಬಾಗಿಲಿಗೆ ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು ಅಂತ ಗೊತ್ತಾಗುತ್ತದಲ್ವಾ?

ಒಂದು ಕಡೆ ನೋಡಿದ್ದನ್ನು ಹೇಳುತ್ತೇನೆ. ಕೋಣೆಗೆ ಎಸಿ ಇತ್ತು, ಗೋಡೆಗೆ ಟಿವಿ ಇತ್ತು. ಪ್ರತಿ ಮಂಚಕ್ಕೂ ಕಾಲಿಂಗ್ ಬೆಲ್ ಇದೆ ಅಂತ ತೋರಿಸಿದರು. ಬೆಲ್ ಇದ್ದದ್ದು ನಿಜ. ಆದರೆ ಅದರ ವೈರನ್ನು ಸುತ್ತಿ ಕಿಟಕಿಯ ಸರಳಿಗೆ ಕಟ್ಟಿದ್ದರು, ಮಲಗಿದವರ ಕೈಗೆ ಎಟುಕದ ಎತ್ತರದಲ್ಲಿ. ಪಕ್ಕದ ಟೇಬಲ್ ಮೇಲೆ ನೀರಿನ ಬಾಟಲಿ, ಅದರ ಮುಚ್ಚಳದ ಸೀಲ್ ಕೂಡ ಒಡೆದಿರಲಿಲ್ಲ. ಮಧ್ಯಾಹ್ನ ಮೂರು ಗಂಟೆ ಆಗಿತ್ತು. ಆಮೇಲೆ ಬ್ರೋಷರ್ ತೆರೆದು ನೋಡುವ ಮನಸ್ಸಾಗಲಿಲ್ಲ.

ಉಳಿದ ಅಳತೆಗಳು

ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತಾರಾ? ಜನ ಕೇಳುವುದನ್ನೇ ಮರೆಯುವ ಪ್ರಶ್ನೆ ಇದು. ಎಷ್ಟೋ ವೃದ್ಧಾಶ್ರಮಗಳು "ತಮ್ಮ ಕೆಲಸ ತಾವು ಮಾಡಿಕೊಳ್ಳುವವರಿಗೆ ಮಾತ್ರ" ಅನ್ನುತ್ತವೆ. ಸೇರುವಾಗ ಅಮ್ಮ ನಡೆಯುತ್ತಿರುತ್ತಾರೆ, ತೊಂದರೆಯಿಲ್ಲ. ಮೂರು ವರ್ಷಕ್ಕೆ ಬಿದ್ದರೆ? ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವ ದಿನವೇ ಹೊಸ ಜಾಗ ಹುಡುಕಬೇಕಾಗುತ್ತದೆ. ಡೈಪರ್, ಕ್ಯಾಥೆಟರ್ (ಮೂತ್ರದ ಪೈಪ್), ಊಟ ಕೊಡುವ ಮೂಗಿನ ಪೈಪ್, ಮರೆವು, ಈ ನಾಲ್ಕರಲ್ಲಿ ಯಾವುದು ಬಂದರೆ ಕಳಿಸುತ್ತೀರಿ ಅಂತ ಕೇಳಿ, ಉತ್ತರವನ್ನು ಕರಾರಿನಲ್ಲಿ ಬರೆಸಿಕೊಳ್ಳಿ.

ದೂರ ಅಂದರೆ ಕಿಲೋಮೀಟರ್ ಅಲ್ಲ, ಸಂಜೆಯ ಟ್ರಾಫಿಕ್‌. ಕನಕಪುರ ರಸ್ತೆಯಲ್ಲಿ ತಲಘಟ್ಟಪುರ ದಾಟಿ ಕಗ್ಗಲೀಪುರದ ಕಡೆ ಹೋದಂತೆ ಜಾಗ ವಿಶಾಲ, ಗಾಳಿ ಚೆನ್ನ. ಹಸಿರು ಮಾರ್ಗದ ಮೆಟ್ರೊ 2021ರಲ್ಲಿ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೆ ಬಂದ ಮೇಲೆ ಅಲ್ಲಿವರೆಗೆ ಹೋಗಿ ಬರುವುದು ಸಲೀಸು. ಅಲ್ಲಿಂದ ಮುಂದೆ ಬಸ್ಸು, ಆಟೊ. ಭೇಟಿಗೆ ಹೋಗುವುದು ಒಂದು ಲೆಕ್ಕ, ಎದೆನೋವು ಬಂದಾಗ ಬನ್ನೇರುಘಟ್ಟ ರಸ್ತೆಯ ಜಯದೇವಕ್ಕೆ, ಸ್ಟ್ರೋಕ್ ಆದಾಗ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ತಲುಪುವುದು ಇನ್ನೊಂದು ಲೆಕ್ಕ. ಸೇರಿಸುವ ಮೊದಲು ಒಂದು ವಾರದ ದಿನ ಸಂಜೆ ಆರೂವರೆಗೆ ಆ ದಾರಿಯಲ್ಲಿ ನೀವೇ ಗಾಡಿ ಓಡಿಸಿ ನೋಡಿ.

ಊಟ ಮತ್ತು ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೋರ್ಡ್ ಮೇಲಿನ ಮೆನು ಓದಬೇಡಿ, ಹನ್ನೆರಡೂವರೆಗೆ ಹೋಗಿ ತಟ್ಟೆ ನೋಡಿ. ಹಲ್ಲಿಲ್ಲದವರಿಗೆ ಅನ್ನ ಮೆತ್ತಗೆ ಮಾಡಿದ್ದಾರಾ, ಸಕ್ಕರೆ ಕಾಯಿಲೆಯವರಿಗೂ ಅದೇ ಪಾಯಸವಾ, ಮುದ್ದೆ ತಿಂದು ಬೆಳೆದವರಿಗೆ ವಾರಕ್ಕೊಮ್ಮೆಯಾದರೂ ಮುದ್ದೆ ಉಂಟಾ? ಇನ್ನು ಮಾತು. ನೋಡಿಕೊಳ್ಳುವ ಹುಡುಗಿಯರು ಒಡಿಶಾ, ಜಾರ್ಖಂಡ್, ಈಶಾನ್ಯ ರಾಜ್ಯಗಳಿಂದ ಬಂದಿರುವುದು ಈಗ ಮಾಮೂಲು. ಪ್ರೀತಿಯಿಂದ ನೋಡುತ್ತಾರೆ, ದೂರುವ ಹಾಗಿಲ್ಲ. ಆದರೆ ಮರೆವು ಹೆಚ್ಚಾದಂತೆ ಹಿರಿಯರು ಆಮೇಲೆ ಕಲಿತ ಹಿಂದಿ, ಇಂಗ್ಲಿಷ್ ಬಿಟ್ಟು ಮನೆಮಾತಿಗೇ ಮರಳುವುದುಂಟು. "ಹೊಟ್ಟೆ ತೊಳಸ್ತಿದೆ" ಅಂದರೆ ತಿಳಿಯುವವರು ಪಾಳಿಗೊಬ್ಬರಾದರೂ ಬೇಕು.

ದುಡ್ಡಿನ ವಿಷಯದಲ್ಲಿ ತಿಂಗಳ ದರ ಕೇಳಿ ಎದ್ದು ಬರಬೇಡಿ. ಡೈಪರ್, ಔಷಧಿ, ಫಿಸಿಯೊಥೆರಪಿ, ಡಾಕ್ಟರ್ ವಿಸಿಟ್, ಬಟ್ಟೆ ಒಗೆಯುವುದು, ಏರ್ ಬೆಡ್ ಬಾಡಿಗೆ, ಇವೆಲ್ಲ ಸೇರಿದೆಯೋ ಹೊರಗೋ? ಹೋದ ತಿಂಗಳ ಯಾರದ್ದಾದರೂ ಬಿಲ್ಲನ್ನು, ಹೆಸರು ಮುಚ್ಚಿ, ತೋರಿಸಿ ಅನ್ನಿ. ಜಿಎಸ್‌ಟಿಯೂ ಇದೆ: ದತ್ತಿ ಸಂಸ್ಥೆಯಾಗಿ ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಾಯಿಸಿದ ಟ್ರಸ್ಟ್ ನಡೆಸುವ ವೃದ್ಧಾಶ್ರಮದಲ್ಲಿ, 60 ದಾಟಿದವರಿಗೆ ಊಟ, ವಸತಿ, ನಿರ್ವಹಣೆ ಎಲ್ಲ ಸೇರಿ ತಿಂಗಳಿಗೆ 25,000 ರೂಪಾಯಿವರೆಗೆ ತೆರಿಗೆ ವಿನಾಯಿತಿ ಉಂಟು. ಖಾಸಗಿ ಕಂಪನಿ ನಡೆಸುವ ಜಾಗಕ್ಕೆ ಇದು ಸಿಗುವುದಿಲ್ಲ. ಹೇಳಿದ ದರ ತೆರಿಗೆ ಸೇರಿಯೋ ಬಿಟ್ಟೋ ಅಂತ ಮೊದಲೇ ಕೇಳಿ.

ಇನ್ಶೂರೆನ್ಸ್ ನೆಚ್ಚಿಕೊಂಡು ಲೆಕ್ಕ ಹಾಕಬೇಡಿ. ಸಾಮಾನ್ಯ ಮೆಡಿಕ್ಲೈಮ್ ಪಾಲಿಸಿಗಳಲ್ಲಿ ವಿಶ್ರಾಂತಿ, ಪುನಶ್ಚೇತನ, ಬರೀ ನೋಡಿಕೊಳ್ಳುವ ಆರೈಕೆ ಇವನ್ನೆಲ್ಲ ಹೊರಗಿಟ್ಟಿರುತ್ತಾರೆ. ಆಸ್ಪತ್ರೆ ಸೇರಿದರೆ ಬರುತ್ತದೆ, ಕೇರ್ ಹೋಮ್ ಬಿಲ್ಲಿಗೆ ಬರುವುದಿಲ್ಲ.

ಈಗ ಒಂದೊಂದೇ ದಾರಿ. ಕೆಳಗಿನ ದರಗಳೆಲ್ಲ ಅಂದಾಜು, ಏರಿಯಾ ಮತ್ತು ಸ್ಥಿತಿ ನೋಡಿ ಮೇಲೆ ಕೆಳಗೆ ಆಗುತ್ತವೆ.

ಮನೆಯಲ್ಲೇ, ಆರೈಕೆಗೆ ಜನ ಕಳಿಸುವ ಬ್ಯೂರೋದಿಂದ ಒಬ್ಬರನ್ನು ಇಟ್ಟುಕೊಂಡು

ನಮ್ಮಲ್ಲಿ ಎಲ್ಲರೂ ಮೊದಲು ಯೋಚಿಸುವುದು ಇದನ್ನೇ. ತಮ್ಮ ಮಂಚ, ತಮ್ಮ ದೇವರ ಕೋಣೆ, ಗೇಟಿನ ಹತ್ತಿರ ಮಾತಾಡಿಸುವ ಹೂವಿನವಳು. ಹಿರಿಯರಿಗೆ ಇದಕ್ಕಿಂತ ಬೇರೆ ಬೇಡ. ಮನೆಯಲ್ಲೇ ಉಳಿಯುವ ಅಟೆಂಡರ್‌ಗೆ ತಿಂಗಳಿಗೆ ಸುಮಾರು 25,000ದಿಂದ 35,000, ಅವರ ಊಟ ತಿಂಡಿ ಬೇರೆ. ತರಬೇತಿ ಪಡೆದ ನರ್ಸ್ ಬೇಕೆಂದರೆ ಇನ್ನೂ ಜಾಸ್ತಿ.

ತೊಡಕು ಏನೆಂದರೆ, "24 ಗಂಟೆ" ಅಂತ ಬರುವವರೂ ಮನುಷ್ಯರೇ. ಹಗಲೆಲ್ಲ ಕೆಲಸ ಮಾಡಿದವರು ರಾತ್ರಿ ನಾಲ್ಕು ಸಲ ಏಳಲಾರರು. ರಾತ್ರಿ ಕಾಲಂನಲ್ಲಿ ಒಂದೋ ಎರಡೋ ಸಲ ಅಂತಿದ್ದರೆ ಒಬ್ಬರು ಸಾಕು. ಅದಕ್ಕಿಂತ ಜಾಸ್ತಿಯಾದರೆ ಹಗಲಿಗೊಬ್ಬರು, ರಾತ್ರಿಗೊಬ್ಬರು ಬೇಕು, ಆಗ ಖರ್ಚು ಕೇರ್ ಹೋಮಿನ ಮಟ್ಟಕ್ಕೆ ಬಂದುಬಿಡುತ್ತದೆ. ಇನ್ನೊಂದು, ಹಬ್ಬಕ್ಕೆ ಊರಿಗೆ ಹೋದವರು ಹಿಂದೆ ಬರುವುದಿಲ್ಲ. ಬ್ಯೂರೋದವರು "ನಾಳೆ ಬೇರೆಯವರನ್ನು ಕಳಿಸ್ತೀವಿ ಮೇಡಂ" ಅನ್ನುತ್ತಾರೆ, ಆ ನಾಳೆ ಮೂರು ದಿನವಾಗುತ್ತದೆ. ಆ ಮೂರು ದಿನ ರಜೆ ಹಾಕಿ ಬಂದು ನಿಲ್ಲುವವರು ಇದೇ ಊರಿನಲ್ಲಿದ್ದರೆ ಮಾತ್ರ ಈ ದಾರಿ ನಡೆಯುತ್ತದೆ. ಮಕ್ಕಳೆಲ್ಲ ವಿದೇಶದಲ್ಲಿದ್ದು, ಮರೆವಿರುವ ಅಮ್ಮನ ಜೊತೆ ಬ್ಯೂರೋದ ಹುಡುಗಿಯನ್ನು ಬಿಟ್ಟು ಸಿಸಿಟಿವಿ ನೋಡುತ್ತ ಕೂರುವುದು ನನಗೆ ಒಪ್ಪಿಗೆಯಿಲ್ಲ. ಕ್ಯಾಮೆರಾ ಬಿದ್ದವರನ್ನು ತೋರಿಸುತ್ತದೆ, ಎತ್ತುವುದಿಲ್ಲ.

ಈ ದಾರಿ ಹಿಡಿದವರು ಮೊದಲ ತಿಂಗಳ ದುಡ್ಡನ್ನು ಬಾತ್‌ರೂಮಿಗೆ ಹಾಕಿ. ಗೋಡೆಗೆ ಹಿಡಿಕೆ, ಜಾರದ ನೆಲ, ಹೊರಗೆ ತೆರೆಯುವ ಬಾಗಿಲು, ಮಂಚದಿಂದ ಟಾಯ್ಲೆಟ್‌ವರೆಗೆ ರಾತ್ರಿಯಿಡೀ ಉರಿಯುವ ಚಿಕ್ಕ ದೀಪ.

ಹಗಲು ಮಾತ್ರ ಒಬ್ಬರೇ ಇರುವ ತಾಪತ್ರಯವಾದರೆ ಡೇ ಕೇರ್ ನೋಡಬಹುದು. ಬೆಳಗ್ಗೆ ಬಿಟ್ಟು ಸಂಜೆ ಕರೆತರುವುದು. ರಾತ್ರಿ ಮನೆಯವರು ಇರುವವರಿಗೆ ಇದು ತುಂಬ ಸರಿಯಾದ, ಆದರೆ ಯಾರೂ ಅಷ್ಟಾಗಿ ಯೋಚಿಸದ ದಾರಿ. ಮನೆ ಹತ್ತಿರ ಸಿಕ್ಕರೆ ಮಾತ್ರ, ದಿನಕ್ಕೆ ಎರಡು ಗಂಟೆ ಕಾರಿನಲ್ಲಿ ಕೂರಿಸುವುದಾದರೆ ಬೇಡ.

ಟ್ರಸ್ಟ್ ನಡೆಸುವ ವೃದ್ಧಾಶ್ರಮ

ತಿಂಗಳಿಗೆ ಹತ್ತು ಸಾವಿರದಿಂದ ಇಪ್ಪತ್ತೈದು ಸಾವಿರದೊಳಗೆ, ಜೊತೆಗೆ ಒಂದಷ್ಟು ಠೇವಣಿ. ಬೆಳಗ್ಗೆ ಭಜನೆ, ಹತ್ತಕ್ಕೆ ಪೇಪರ್, ಮಧ್ಯಾಹ್ನ ಅನ್ನ ಸಾರು, ಸಂಜೆ ಅಂಗಳದಲ್ಲಿ ಮಾತು. ಓಡಾಡಿಕೊಂಡಿರುವ, ಒಬ್ಬರೇ ಆಗಿಬಿಟ್ಟಿರುವವರಿಗೆ ಇದರಷ್ಟು ಹಿತವಾದ ಜಾಗ ಇನ್ನೊಂದಿಲ್ಲ. ಕನ್ನಡ ಮಾತು, ನಮ್ಮ ಊಟ ಸಿಗುವುದೂ ಇಲ್ಲೇ ಜಾಸ್ತಿ. ಪಿಂಚಣಿಯಲ್ಲೇ ನಡೆದುಹೋಗುತ್ತದೆ, ಮಕ್ಕಳ ಮುಂದೆ ಕೈ ಚಾಚಬೇಕಿಲ್ಲ ಅನ್ನುವುದು ಎಷ್ಟೋ ಹಿರಿಯರಿಗೆ ದೊಡ್ಡ ಸಮಾಧಾನ.

ರಾತ್ರಿಯ ಪರೀಕ್ಷೆಯಲ್ಲಿ ಇವು ಸಾಮಾನ್ಯವಾಗಿ ಸೋಲುತ್ತವೆ. ಒಬ್ಬ ವಾಚ್‌ಮನ್, ಒಬ್ಬರು ಆಯಾ, ಅಷ್ಟೇ. ಅದು ಮೋಸವಲ್ಲ, ಆ ದರಕ್ಕೆ ಅಷ್ಟೇ ಸಾಧ್ಯ. ಹಾಳೆಯಲ್ಲಿ ಆರೂ ಕೆಲಸದ ಮುಂದೆ "ತಾವೇ" ಅಂತ ಇದ್ದರೆ ಧೈರ್ಯವಾಗಿ ಸೇರಿಸಿ, ಆದರೆ ಮುಂದಿನ ಹಂತದ ಜಾಗವನ್ನೂ ಈಗಲೇ ನೋಡಿಟ್ಟುಕೊಳ್ಳಿ.

ಕೈಯಲ್ಲಿ ಏನೂ ಇಲ್ಲದವರಿಗೆ ಉಚಿತ ವೃದ್ಧಾಶ್ರಮಗಳಿವೆ, ಕೆಲವಕ್ಕೆ ಸರ್ಕಾರದ ಅನುದಾನವೂ ಉಂಟು. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ, ಇಲ್ಲವೇ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ. ಬೆಂಗಳೂರಿನಲ್ಲಿ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಸೇರಿ 2002ರಲ್ಲಿ ಶುರು ಮಾಡಿದ 1090 ಸಹಾಯವಾಣಿಯೂ ಇದೆ.

ಖಾಸಗಿ ಕೇರ್ ಹೋಮ್, ಅಸಿಸ್ಟೆಡ್ ಲಿವಿಂಗ್

ಸುಮಾರು 35,000ದಿಂದ ಶುರು. ಒಂಟಿ ಕೋಣೆ, ಜಾಸ್ತಿ ಆರೈಕೆ ಅಂದರೆ 80,000 ದಾಟುವುದೂ ಇದೆ. ಪಾಳಿಯ ಮೇಲೆ ನರ್ಸ್, ಎತ್ತಿ ಇಳಿಸುವ ಮಂಚ, ಆಕ್ಸಿಜನ್, ವಾರಕ್ಕೊಮ್ಮೆ ಡಾಕ್ಟರ್. ಹಾಳೆಯಲ್ಲಿ ಮೂರಕ್ಕಿಂತ ಹೆಚ್ಚು ಕೆಲಸ ಬೇರೆಯವರೇ ಮಾಡಿಸಬೇಕು ಅಂತಿದ್ದರೆ ಕೊನೆಗೆ ಇಲ್ಲಿಗೇ ಬರಬೇಕಾಗುತ್ತದೆ.

ದುಡ್ಡು ಕೊಟ್ಟ ಮಾತ್ರಕ್ಕೆ ಆರೈಕೆ ಸಿಗುತ್ತದೆ ಅಂತಲ್ಲ. ಲಾಬಿ ನೋಡಬೇಡಿ, ಮಲಗಿರುವವರ ಉಗುರು, ತುಟಿ, ಹಿಮ್ಮಡಿ ನೋಡಿ. ಉಗುರು ಬೆಳೆದಿದ್ದರೆ, ತುಟಿ ಒಣಗಿದ್ದರೆ ಕೈ ಸಾಲುತ್ತಿಲ್ಲ ಅಂತ ಅರ್ಥ. ತಾವೇ ಹೊರಳಲಾಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆಡ್‌ಸೋರ್, ಅಂದರೆ ಮಲಗಿ ಮಲಗಿ ಆಗುವ ಹುಣ್ಣು, ಗ್ಯಾರಂಟಿ. ಅದನ್ನು ಬರೆದಿಡುವ ಚಾರ್ಟ್ ಇದೆಯಾ ಕೇಳಿ. ಇದ್ದರೆ ನಿನ್ನೆ ರಾತ್ರಿಯ ಹಾಳೆ ನೋಡಿ. ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಒಂದೇ ಪೆನ್ನಿನಲ್ಲಿ, ಒಂದೇ ಸಮನೆ ಸಹಿ ಇದ್ದರೆ ಬೆಳಗ್ಗೆ ಕೂತು ತುಂಬಿದ್ದಾರೆ ಅಂತ ತಿಳಿದುಕೊಳ್ಳಿ.

ಇನ್ನೊಂದು ಪ್ರಶ್ನೆ ಕೇಳಲು ಮುಜುಗರ ಬೇಡ: ಹಟ ಮಾಡಿದರೆ ಕೈ ಕಟ್ಟುತ್ತೀರಾ, ನಿದ್ದೆ ಮಾತ್ರೆ ಕೊಡುತ್ತೀರಾ, ಕೊಡುವ ಮೊದಲು ನಮಗೆ ಹೇಳುತ್ತೀರಾ? ಒಳ್ಳೆಯ ಜಾಗದವರು ಸಿಟ್ಟಾಗುವುದಿಲ್ಲ, ಯಾವಾಗ, ಯಾರ ಒಪ್ಪಿಗೆ ತಗೊಂಡು ಅಂತ ನೇರವಾಗಿ ಹೇಳುತ್ತಾರೆ.

ಮರೆವಿನ ಕಾಯಿಲೆ ಮುಂದುವರಿದಿದ್ದರೆ ಅದಕ್ಕೆಂದೇ ಇರುವ ಜಾಗ ಬೇಕು. ಗೇಟಿಗೆ ಬೀಗ ಹಾಕುವುದಷ್ಟೇ ಡಿಮೆನ್ಷಿಯಾ ಕೇರ್ ಅಲ್ಲ. ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್‌ನವರ ಕೇಂದ್ರವಿದೆ, ದಕ್ಷಿಣದವರಿಗೆ ದೂರವೇ. ಆದರೂ ಒಮ್ಮೆ ಹೋಗಿ ನೋಡಿಕೊಂಡು ಬನ್ನಿ, ಬೇರೆ ಕಡೆ ಏನು ಕೇಳಬೇಕು ಅನ್ನುವುದಾದರೂ ತಿಳಿಯುತ್ತದೆ. ಈ ಕಾಯಿಲೆಗೆ ಊಟಕ್ಕಿಂತ, ಕೋಣೆಗಿಂತ ಮುಖ್ಯವಾದದ್ದು ಅದೇ ಮುಖಗಳು ದಿನಾ ಕಾಣುವುದು. ಕೆಲಸದವರು ಎಷ್ಟು ವರ್ಷದಿಂದ ಇದ್ದಾರೆ ಅಂತ ಅವರನ್ನೇ ಮಾತಾಡಿಸಿ ಕೇಳಿ, ಮ್ಯಾನೇಜರನ್ನಲ್ಲ.

ಮನೆ ಕೊಂಡು ಸೇರುವ ಹಿರಿಯರ ಬಡಾವಣೆ

ದಂಪತಿ ಇಬ್ಬರೂ ಗಟ್ಟಿಯಾಗಿದ್ದು, ಮನೆ ಮಾರಿದ ದುಡ್ಡು ಕೈಯಲ್ಲಿರುವವರಿಗೆ ಇದು. ವಿಲ್ಲಾ ಅಥವಾ ಫ್ಲಾಟ್, ಸಾಮೂಹಿಕ ಅಡುಗೆಮನೆ, ಕರೆದರೆ ಬರುವ ಪ್ಲಂಬರ್. ಕೊಳ್ಳುವುದಾದರೆ ಕರ್ನಾಟಕ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ ನೋಡಿ. ನಾನಂತೂ ಮೊದಲು ಬಾಡಿಗೆಗೆ ಇದ್ದು ನೋಡಿ ಅನ್ನುತ್ತೇನೆ. ಇಂಥ ಮನೆ ಮಾರುವುದು ಸುಲಭವಲ್ಲ, ಮತ್ತೆ ಕೊಳ್ಳುವವರೂ ಹಿರಿಯರೇ ಆಗಿರಬೇಕಲ್ಲ. ಒಬ್ಬರು ಹಾಸಿಗೆ ಹಿಡಿದರೆ ಆರೈಕೆ ಅಲ್ಲೇ ಸಿಗುತ್ತದಾ, ಅದಕ್ಕೆಂದು ಎಷ್ಟು ಕೋಣೆಗಳಿವೆ ಅನ್ನುವುದು ಕ್ಲಬ್‌ಹೌಸಿಗಿಂತ ಮುಖ್ಯ.

ನರ್ಸಿಂಗ್ ಹೋಂ ಮತ್ತು ಕೆಲವು ವಾರಗಳ ಆರೈಕೆ

ಬಡಾವಣೆಯ ನರ್ಸಿಂಗ್ ಹೋಂನಲ್ಲಿ "ಒಂದೆರಡು ತಿಂಗಳು ಇಟ್ಟುಕೊಳ್ಳಿ" ಅಂತ ಕೇಳುವವರಿದ್ದಾರೆ. ಅದು ಚಿಕ್ಕ ಆಸ್ಪತ್ರೆ, ದಿನದ ಲೆಕ್ಕದಲ್ಲಿ ಬಿಲ್ಲು ಏರುತ್ತದೆ, ಕೂತು ಮಾತಾಡಲು ಜಾಗವೂ ಇರುವುದಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ ಅಡಿ ಅದಕ್ಕೆ ನೋಂದಣಿ ಬೇಕು. ಪ್ರಮಾಣಪತ್ರವನ್ನು ಕಾಣುವ ಜಾಗದಲ್ಲಿ ಹಾಕಿರಬೇಕು. ಚಿಕಿತ್ಸೆ ಕೊಡುತ್ತೇವೆ ಅನ್ನುವ ಕೇರ್ ಹೋಮಿನಲ್ಲೂ ಇದನ್ನು ಕೇಳಿ ನೋಡಿ.

ಸೊಂಟದ ಮೂಳೆ ಆಪರೇಷನ್, ಸ್ಟ್ರೋಕ್ ಆದ ಮೇಲಿನ ಕೆಲವು ವಾರಗಳಿಗೆ ಫಿಸಿಯೊಥೆರಪಿ ದಿನಾ ಸಿಗುವ ರಿಹ್ಯಾಬ್ ಕೇಂದ್ರ ಒಳ್ಳೆಯದು. ದುಬಾರಿ, ಆದರೆ ಆ ವಾರಗಳಲ್ಲಿ ಎದ್ದು ನಡೆದರೆ ಮುಂದಿನ ವರ್ಷಗಳ ಖರ್ಚು ಇಳಿಯುತ್ತದೆ. ಕೊನೆಯ ಹಂತದ ಕ್ಯಾನ್ಸರ್ ಆದರೆ ಮಾರತ್ತಹಳ್ಳಿ ಕಡೆಯ ಕರುಣಾಶ್ರಯವಿದೆ. 1999ರಿಂದ ಅಲ್ಲಿ ಒಂದು ರೂಪಾಯಿ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದ್ದಾರೆ.

ಹಾಗಾದರೆ ಯಾರಿಗೆ ಯಾವುದು?

ಪಿಂಚಣಿ ಇಪ್ಪತ್ತು ಸಾವಿರ, ಓಡಾಡಿಕೊಂಡಿದ್ದಾರೆ, ಒಬ್ಬರೇ: ಟ್ರಸ್ಟ್ ವೃದ್ಧಾಶ್ರಮ, ಮಕ್ಕಳ ಮನೆಗೆ ಹತ್ತಿರದ್ದು. ಮಕ್ಕಳು ಇದೇ ಊರಲ್ಲಿದ್ದು ರಾತ್ರಿ ಮನೆಗೆ ಬರುತ್ತಾರೆ: ಡೇ ಕೇರ್ ಅಥವಾ ಹಗಲು ಪಾಳಿಯ ಅಟೆಂಡರ್. ಮಲಗಿದಲ್ಲೇ ಇದ್ದಾರೆ, ಮನೆಯಲ್ಲಿ ಗಟ್ಟಿಯಾದ ಸೊಸೆಯೋ ಮಗಳೋ ಇದ್ದಾರೆ: ಮನೆ ಆಗಬಹುದು, ಆದರೆ ಆ ಸೊಸೆಯನ್ನು ಮೊದಲು ಕೇಳಿ. ಅವಳ ಬೆನ್ನುನೋವು, ಅವಳ ಕೆಲಸ ಯಾರ ಲೆಕ್ಕದಲ್ಲೂ ಬರುವುದಿಲ್ಲ. ಮರೆವು ಜಾಸ್ತಿ, ಮಕ್ಕಳು ವಿದೇಶದಲ್ಲಿ: ಕೇರ್ ಹೋಮ್, ಜೊತೆಗೆ ವಾರಕ್ಕೊಮ್ಮೆ ಹೋಗಿ ನೋಡಲು ಒಪ್ಪಿದ ಒಬ್ಬ ನೆಂಟರು. ಅಂಥವರು ಎಲ್ಲಿದ್ದಾರೋ ಆ ಏರಿಯಾದಲ್ಲೇ ಜಾಗ ಹುಡುಕಿ, ನಿಮ್ಮ ಹಳೆಯ ಮನೆಯ ಹತ್ತಿರವಲ್ಲ.

ಕಷ್ಟ ಇರುವುದು ನಡುವಿನವರಿಗೆ. ತಿಂಗಳಿಗೆ ಮೂವತ್ತು ಸಾವಿರ ಹೊಂದಿಸಬಹುದು, ಆರೈಕೆ ಐವತ್ತು ಸಾವಿರದ್ದು ಬೇಕು. ಇಂಥವರಿಗೆ ಒಂಟಿ ಕೋಣೆಯ ಆಸೆ ಬಿಡಿ ಅನ್ನುತ್ತೇನೆ. ಮೂರು ಮಂಚದ ಕೋಣೆ, ನಗರದ ಅಂಚಿನ ಜಾಗ, ಎಸಿ ಇಲ್ಲದಿದ್ದರೂ ಪರವಾಗಿಲ್ಲ. ರಾತ್ರಿ ಪಾಳಿಯ ಜನರಲ್ಲಿ ಮಾತ್ರ ರಾಜಿ ಬೇಡ.

ಮನೆಯನ್ನು ಮಕ್ಕಳ ಹೆಸರಿಗೆ ಬರೆದುಕೊಟ್ಟು ಸೇರಲು ಹೊರಟ ಹಿರಿಯರಿಗೆ ಒಂದು ಮಾತು. ದಾನಪತ್ರದಲ್ಲಿ "ನನ್ನನ್ನು ನೋಡಿಕೊಳ್ಳಬೇಕು" ಅನ್ನುವ ಷರತ್ತು ಸ್ಪಷ್ಟವಾಗಿ ಇರಲಿ. ಅದನ್ನು ಮುರಿದರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ದಾನಪತ್ರ ರದ್ದು ಮಾಡಿಸಲು ಅವಕಾಶವಿದೆ.

ಜಾಗ ಗೊತ್ತಾದ ಮೇಲೂ ಒಮ್ಮೆಗೇ ಪೂರ್ತಿ ಠೇವಣಿ ಕಟ್ಟಬೇಡಿ. ಒಂದು ತಿಂಗಳು ಇದ್ದು ನೋಡುತ್ತೇವೆ ಅನ್ನಿ, ಬಹಳ ಕಡೆ ಒಪ್ಪುತ್ತಾರೆ. ಬಿಟ್ಟು ಹೋಗಲು ಎಷ್ಟು ದಿನದ ನೋಟಿಸ್, ಠೇವಣಿ ಎಷ್ಟು ದಿನಕ್ಕೆ ವಾಪಸ್, ನಡುವೆ ಆಸ್ಪತ್ರೆಯಲ್ಲಿದ್ದ ದಿನಗಳಿಗೂ ಬಾಡಿಗೆಯಾ, ತೀರಿಕೊಂಡರೆ ಯಾರಿಗೆ ಮೊದಲು ತಿಳಿಸುತ್ತಾರೆ, ಎಲ್ಲವೂ ಕಾಗದದಲ್ಲಿರಲಿ. ಆ ತಿಂಗಳು ನಿಮ್ಮ ಹಳೆಯ ಮನೆಯನ್ನು ಬಾಡಿಗೆಗೆ ಕೊಡಬೇಡಿ, ಮಂಚವನ್ನೂ ಮಾರಬೇಡಿ. ಅಮ್ಮ "ನನಗಿಲ್ಲಿ ಬೇಡ" ಅಂದರೆ ವಾಪಸ್ ಕರೆತರಲು ಜಾಗ ಬೇಕಲ್ಲ.